ಗೇಣುದ್ದದ ಶಾರ್ಕಿಗೆ ಯಾವ ಬಣ್ಣ?

೧

ಎಲ್ಲಿಂದ ಶುರು ಮಾಡಲಿ? ಸಮುದ್ರದ ಆಳದಿಂದ ಶುರು ಮಾಡಿದರೆ ನಿಮಗೆ ಉಸಿರು ಕಟ್ಟುತ್ತದೆ. ಗಾಜಿನ ಜಾಡಿಯಿಂದ ಶುರು ಮಾಡಿದರೆ ಸ್ಪಿರಿಟ್ಟಿನ ವಾಸನೆ. ಮದುವೆಯಿಂದ ಶುರು ಮಾಡೋಣವೆಂದರೆ, ಅದು ಮುರಿದಿದೆಯೋ ಇಲ್ಲವೋ ಎಂದು ಅದರೊಳಗಿರುವ ಇಬ್ಬರಿಗೇ ಗೊತ್ತಿಲ್ಲ.

ಜಾಡಿಯೇ ಇರಲಿ. (ಮೂಗು ಮುಚ್ಚಿಕೊಳ್ಳಿ.)

ಮ್ಯೂಸಿಯಮ್ಮಿನ ಹಿಂಭಾಗದ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಒಬ್ಬ ಚಿತ್ರಗಾರ್ತಿ ಕೂತಿದ್ದಾಳೆ. ವಿಜ್ಞಾನದ ಪುಸ್ತಕಗಳಿಗೆ ಪ್ರಾಣಿಗಳ ಚಿತ್ರ ಬರೆಯುವುದು ಅವಳ ಕೆಲಸ. ಜೀರುಂಡೆಯ ಕಾಲಿನ ರೋಮವನ್ನೂ ಬಿಡದೆ ಬರೆಯುತ್ತಾಳೆಂದು ಸಹೋದ್ಯೋಗಿಗಳು ಅವಳನ್ನು ಭೂತಗನ್ನಡಿ ಎಂದು ಕರೆಯುತ್ತಾರೆ. ಅವಳ ಎದುರಿನ ಟ್ರೇಯಲ್ಲಿ ಜಾಡಿಯಿಂದ ತೆಗೆದಿಟ್ಟ ಒಂದು ಶಾರ್ಕ್ ಇದೆ. ಹೆದರಬೇಡಿ, ಗೇಣುದ್ದ. ಪೂರ್ತಿ ಬೆಳೆದ ಹೆಣ್ಣೇ ಇಷ್ಟು. ಕಂದು ಮೈ, ಕಪ್ಪು ಹೊಟ್ಟೆ, ಬೆನ್ನಿನ ಎರಡು ರೆಕ್ಕೆಗಳ ಮುಂದೆ ಒಂದೊಂದು ಮುಳ್ಳು, ತಲೆಗೆ ಅತಿಯಾಯಿತು ಎನ್ನುವಷ್ಟು ದೊಡ್ಡ ಕಣ್ಣು. ಪಕ್ಕದ ತಟ್ಟೆಯಲ್ಲಿ ಅದರ ಬಸಿರಿನಿಂದ ತೆಗೆದ ಮರಿ. ಈ ಜಾತಿಯ ತಾಯಿ ಮೊಟ್ಟೆಯನ್ನು ಹೊರಗೆ ಇಡುವುದಿಲ್ಲ, ಒಡಲಲ್ಲೇ ಒಡೆಸಿಕೊಂಡು ಮರಿಯನ್ನು ಹೆರುತ್ತದೆ. ಆ ಮರಿಯ ಎದೆಗೆ ಮೊಟ್ಟೆಯ ಹಳದಿಯ ಚೀಲ ಇನ್ನೂ ಅಂಟಿಕೊಂಡಿತ್ತು.

ಎಲ್ಲವನ್ನೂ ಬರೆದಳು. ಹೊಟ್ಟೆಯ ಬಣ್ಣ ಮಾತ್ರ ಉಳಿಯಿತು. ಬದುಕಿದ್ದಾಗ ಆ ಹೊಟ್ಟೆ ಬೆಳಗುತ್ತದೆ. ಸ್ಪಿರಿಟ್ಟಿನಲ್ಲಿ ಆ ಬೆಳಕು ಎಲ್ಲಿ ಉಳಿಯಬೇಕು?

"ನೀಲಿ ಹಾಕ್ಬಿಡಿ ಮೇಡಂ," ಎಂದಳು ಪುಸ್ತಕದ ಸಂಪಾದಕಿ. "ಅಷ್ಟು ಕೆಳಗಿಳಿದು ಯಾರು ನೋಡಿದಾರೆ?"

"ಒಬ್ರು ನೋಡಿದಾರೆ," ಎಂದಳು ಚಿತ್ರಗಾರ್ತಿ.

ಆ ಒಬ್ಬರು ಅವಳ ಗಂಡ.

೨

ಮೊದಲ ಡ್ರಾಫ್ಟಿನಲ್ಲಿ ಗಂಡನನ್ನು ಸಾಯಿಸಿದ್ದೆ. ಸಂಶೋಧನಾ ಹಡಗಿನ ವಿಜ್ಞಾನಿ, ಬಿರುಗಾಳಿ, ತುಂಬಿ ಬಂದ ಕಣ್ಣು... ಬೇಗ ಮುಗಿದುಹೋಗುತ್ತಿತ್ತು. ಪುಟದ ನಡುವೆಯೇ ಚಿತ್ರಗಾರ್ತಿ ತಲೆಯೆತ್ತಿದಳು.

"ಏನ್ರೀ ಕಥೆಗಾರರೇ, ಅವ್ರನ್ನ ಯಾಕ್ರೀ ಸಾಯಿಸಿದ್ರಿ?"

"ಹಂಬಲಕ್ಕೆ ಒಂದು ಕಾರಣ ಬೇಕಲ್ಲಮ್ಮ."

"ಸತ್ತೋರನ್ನ ನೆನೆಸ್ಕೊಂಡು ಅಳೋದು ಸುಲಭ. ಅವ್ರು ಬದುಕಿದಾರೆ. ಫೋನ್ ಮಾಡಿದ್ರೆ ಎತ್ತುತಾರೆ. ಕಷ್ಟ ಇರೋದು ಅಲ್ಲಿ."

ಮರುಮಾತಾಡದೆ ಅವನನ್ನು ಬದುಕಿಸಿದೆ. (ಬಿರುಗಾಳಿಯ ವರ್ಣನೆ ಚೆನ್ನಾಗಿತ್ತು. ಹೋಗಲಿ.)

೩

ಹಾಗಾದರೆ ದೂರವಾದದ್ದು ಯಾಕೆ? ದೊಡ್ಡ ಜಗಳವಾಗಿದ್ದರೆ ಬರೆಯಲು ನನಗೂ ಸಲೀಸು, ರಾಜಿಯಾಗಲು ಅವರಿಗೂ ಸಲೀಸು. ಆದದ್ದು ಇಷ್ಟೇ. ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ಅವನು ರಜೆಗೆ ಬಂದಾಗ ಚಹಾ ಮಾಡಲು ನಿಂತು, "ಸಕ್ಕರೆ ಡಬ್ಬಿ ಎಲ್ಲಿದೆ?" ಎಂದು ಕೇಳಿದ. ಪ್ರತಿ ಸಲವೂ ಕೇಳುತ್ತಿದ್ದ. ಡಬ್ಬಿ ಮದುವೆಯಾದಂದಿನಿಂದ ಒಂದೇ ಕಡೆ ಇತ್ತು. ಆ ದಿನ ಅವಳಿಗೆ ಏನೋ ಸಂಕಟ, ಅಂದುಬಿಟ್ಟಳು: "ನೀವು ಕೂತ್ಕೊಳ್ಳಿ. ನೆಂಟರಿಗೆ ನಾನೇ ಮಾಡಿ ಕೊಡ್ತೀನಿ."

ಅವನು ನಕ್ಕ. ಚಹಾ ಕುಡಿದ. ಲೋಟ ತೊಳೆದಿಟ್ಟ. ಮುಂದಿನ ರಜೆಗೆ ಮನೆಗೆ ಬರಲಿಲ್ಲ, ಬಂದರಿನ ಪಕ್ಕ ಒಂದು ರೂಮು ಹಿಡಿದ. ಅದರ ಮುಂದಿನದಕ್ಕೂ ಬರಲಿಲ್ಲ. ಯಾಕೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಬಾಗಿಲ ಸದ್ದಾದರೆ ಕುಂಚ ಹಿಡಿದ ಅವಳ ಕೈ ಮಾತ್ರ ನಿಲ್ಲುತ್ತಿತ್ತು. ಒಂದು ಜೀರುಂಡೆಯ ಮೀಸೆ ಹಾಗೆಯೇ ಕೆಟ್ಟಿತು.

೪

ಬಣ್ಣ ಕೇಳುವ ನೆಪದಲ್ಲಿ ಫೋನ್ ಮಾಡಿದಳು. ("ನೆಪ ಅಲ್ಲ, ಕೆಲಸ" ಎನ್ನುತ್ತಿದ್ದಾಳೆ. ಆಗಲಮ್ಮ, ಕೆಲಸ.)

"ನಾನು."

"ಗೊತ್ತಾಯ್ತು. ಹುಷಾರಾಗಿದೀಯಾ?"

"ಹ್ಞೂಂ. ಆ ಪುಟ್ಟ ಶಾರ್ಕಿನ ಹೊಟ್ಟೆ ಬೆಳಗುತ್ತಲ್ಲ, ಅದು ಯಾವ ಬಣ್ಣ?"

"ನೀಲಿ ಅಂತ ಬರೀತಾರೆ."

"ಬರೆಯೋರ ಮಾತು ಬಿಡಿ. ನೀವು ನೋಡಿದ್ದು?"

"ನೀಲಿ ಅಲ್ಲ. ಹಸಿರು ಅನ್ನೋಕೂ ಆಗಲ್ಲ. ಫೋನಲ್ಲಿ ಹೇಳೋದಲ್ಲ ಅದು. ಒಂದಿನದ ಟ್ರಿಪ್ ಇದೆ. ಬಾ, ತೋರಿಸ್ತೀನಿ."

ಇಲ್ಲಿ ನಾನು ಅವಳ ಬಾಯಿಂದ "ಬರ್ತೀನಿ" ಎಂದು ಹೇಳಿಸಿದ್ದೆ. ಅವಳು ಅದನ್ನು ಹೊಡೆದುಹಾಕಿ, "ಹಡಗಲ್ಲಿ ನಂಗೆ ವಾಂತಿ ಬರುತ್ತೆ" ಎಂದಳು.

"ಗೊತ್ತು. ನಿಂಬೆಹಣ್ಣು ಇಟ್ಟಿರ್ತೀನಿ."

ಫೋನಿಟ್ಟ ಮೇಲೆ ಅವಳು ಕುರ್ಚಿಯಿಂದ ಏಳಲಿಲ್ಲ. ಇಂಥ ಕಡೆ ನಾನು ಒಂದು ಉಪಮೆ ಹುಡುಕುತ್ತೇನೆ. ಸಿಗಲಿಲ್ಲ.

೫

ಚಿತ್ರ ಏನಾಯಿತೆಂದು ಕಾಯಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಅಚ್ಚಾಯಿತು, ಸರಿಯಾದ ಬಣ್ಣದಲ್ಲೇ. ಯಾವ ಯಾವ ಬಣ್ಣ ಬೆರೆಸಿದಿರಿ ಎಂದು ಸಂಪಾದಕಿ ಕೇಳಿದರೆ ನಕ್ಕು ಸುಮ್ಮನಾದಳಂತೆ. ಚಿತ್ರದ ಚಿಂತೆಯಷ್ಟೇ ಇದ್ದವರು ಇಲ್ಲೇ ಇಳಿಯಬಹುದು.

೬

ಹೇಳಿದಂತೆಯೇ ಹಡಗಿನಲ್ಲಿ ಅವಳಿಗೆ ವಾಂತಿಯಾಯಿತು. ಹೇಳಿದಂತೆಯೇ ನಿಂಬೆಹಣ್ಣಿತ್ತು. ನಡುಮಧ್ಯಾಹ್ನ ಬಲೆ ಮೇಲೆ ಬಂತು. ಆಳದ ಮೀನುಗಳು ಮೇಲೆ ಬಂದು ಬಹಳ ಹೊತ್ತು ಬದುಕುವುದಿಲ್ಲ. ಒಂದೇ ಒಂದು ಗೇಣುದ್ದದ ಶಾರ್ಕ್ ಇನ್ನೂ ಕಿವಿರು ಆಡಿಸುತ್ತಿತ್ತು. ಅವನು ಅದನ್ನು ತಣ್ಣೀರಿನ ಬಕೆಟ್ಟಿಗೆ ಹಾಕಿಕೊಂಡು ಕಿಟಕಿಯಿಲ್ಲದ ಸಣ್ಣ ಕೋಣೆಗೆ ಓಡಿದ. ಅವಳು ಹಿಂದೆಯೇ ಹೋದಳು. ಬಾಗಿಲು ಹಾಕಿ, ಸಂದಿಗೆ ಕಪ್ಪು ಬಟ್ಟೆ ತುರುಕಿ, ದೀಪ ಆರಿಸಿದ.

"ಏನೂ ಕಾಣಲ್ಲ," ಎಂದಳು.

"ಕಣ್ಣು ಕತ್ತಲಿಗೆ ಹೊಂದ್ಕೋಬೇಕು. ಅದಕ್ಕೂ ಹೊತ್ತು ಬೇಕು. ಬೇರೆ ಮೀನಿನ ಥರ ಇದು ಥಟ್ಟಂತ ಬೆಳಗಲ್ಲ. ಅದರ ದೀಪ ಹಚ್ಚೋ ರಸ ರಕ್ತದಲ್ಲಿ ಹರಿದು ಬರಬೇಕು."

"ಯಾರಿಗೆ ತೋರಿಸೋಕೆ ಬೆಳಗುತ್ತೆ?"

"ತೋರಿಸೋಕಲ್ಲ, ಬಚ್ಚಿಟ್ಟುಕೊಳ್ಳೋಕೆ. ಮೇಲಿಂದ ಅಷ್ಟಿಷ್ಟು ಬೆಳಕು ಇಳೀತಿರುತ್ತೆ. ಹೊಟ್ಟೇನೂ ಅಷ್ಟೇ ಬೆಳಗಿದ್ರೆ ಕೆಳಗಿರೋ ಶತ್ರುಗೆ ಇದರ ನೆರಳೇ ಕಾಣಲ್ಲ. ಪಕ್ಕೆ ಮೇಲೆ ಬೇರೆ ಗುರುತಿದೆ. ಅದು ತನ್ನೋರಿಗೆ ಇರಬಹುದು ಅಂತಾರೆ."

ಕತ್ತಲು. ಎಂಜಿನ್ನಿನ ಗುಂಯ್ ಸದ್ದು. ಮುಖ ಕಾಣದ ಧೈರ್ಯದಲ್ಲಿ ಅವಳು ಕೇಳಿದಳು:

"ಯಾಕೆ ಬರ್ಲಿಲ್ಲ?"

"ನೆಂಟ ಅಂದ್ಯಲ್ಲ. ನೆಂಟರು ಕರೆದ್ರೆ ಬರ್ತಾರೆ."

"ನಿಮ್ಮನೆಗೆ ನಿಮ್ಮನ್ನ ನಾನು ಕರೀಬೇಕಿತ್ತಾ?"

"ಕರೀತೀಯ ಅನ್ಕೊಂಡಿದ್ದೆ."

"ಬರ್ತೀರ ಅನ್ಕೊಂಡಿದ್ದೆ ನಾನು."

ಆಗ ಬಕೆಟ್ಟಿನಲ್ಲಿ ಏನೋ ಕಂಡಿತು. ಮೊದಲು ಅವಳು ತನ್ನ ಕಣ್ಣಿನದೇ ಭ್ರಮೆ ಎಂದುಕೊಂಡಳು. ಒಂದು ಗೆರೆ. ಆಮೇಲೆ ಗಂಟಲಿನಿಂದ ಬಾಲದವರೆಗೆ ಚುಕ್ಕೆ ಚುಕ್ಕೆಯಾಗಿ, ಮೀನೇ ಇಲ್ಲದೆ ಮೀನಿನ ಆಕಾರ. ಬಣ್ಣ... ಇಲ್ಲ, ನನ್ನಿಂದಾಗದು. ನನ್ನ ಭಾಷೆಯಲ್ಲಿರುವ ನೀಲಿಗಳನ್ನೆಲ್ಲ ತಂದು ಪಕ್ಕದಲ್ಲಿಟ್ಟು ನೋಡಿದೆ, ಒಂದೂ ಹೊಂದಲಿಲ್ಲ.

"ಹೌದು," ಎಂದಳು ಅವಳು. "ನೀಲಿ ಅಲ್ಲ."

"ಅಲ್ಲ ಅಲ್ವಾ?" ಎಂದ ಅವನು. ಇಷ್ಟು ವರ್ಷ ಒಬ್ಬನೇ ನೋಡಿದ್ದ ಬಣ್ಣ ಅದು.

(ಇಲ್ಲಿ ನೀರಿನೊಳಗೆ ಇಬ್ಬರ ಬೆರಳು ತಾಗುವ ಹಾಗೆ ಬರೆದಿದ್ದೆ. "ಸಿನಿಮಾ ಮಾಡ್ಬೇಡಿ" ಎಂದು ಗದರಿಸಿದಳು. ತೆಗೆದೆ.)

ಬೆಳಕು ಬಾಲದ ಕಡೆಯಿಂದ ಮಾಸುತ್ತ ಬಂತು. ಕಿವಿರು ನಿಂತಿತು. ಮತ್ತೆ ಕತ್ತಲು.

"ಲೈಟ್ ಹಾಕ್ಲಾ?" ಎಂದು ಅವನು ಕೇಳಿದ.

೭

ಮುಕ್ತಾಯ ಒಂದು: ಲೈಟು ಬೀಳುತ್ತದೆ, ಇಬ್ಬರೂ ಅಳುತ್ತಿದ್ದಾರೆ, ಒಟ್ಟಿಗೆ ಮನೆಗೆ ಹೋಗುತ್ತಾರೆ.

ಮುಕ್ತಾಯ ಎರಡು: ಲೈಟು ಬೀಳುತ್ತದೆ, ಇಬ್ಬರಿಗೂ ಮುಜುಗರ. ಅವಳು ಥ್ಯಾಂಕ್ಸ್ ಹೇಳಿ ಬಂದರಿನಲ್ಲಿ ಇಳಿದು ಬಸ್ಸು ಹತ್ತುತ್ತಾಳೆ.

ಎರಡನ್ನೂ ಅವಳಿಗೆ ಓದಿ ಹೇಳಿದೆ.

"ಬೇಡ," ಎಂದಳು. "ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರ್ಲಿ."

ನನಗೆ ಹೇಳಿದಳೋ ಅವನಿಗೆ ಹೇಳಿದಳೋ ತಿಳಿಯಲಿಲ್ಲ. ಇಬ್ಬರೂ ಸುಮ್ಮನಾದೆವು. ಅವನು ಸ್ವಿಚ್ಚಿನ ಮೇಲಿಂದ ಕೈ ತೆಗೆದದ್ದು, ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳೂ ಕೂತಳು. ಎಷ್ಟು ಹತ್ತಿರ ಎಂದು ಕೇಳಬೇಡಿ, ಕತ್ತಲಲ್ಲಿ ನನಗೂ ಕಾಣುವುದಿಲ್ಲ.

ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಆಮೇಲೇನಾಯಿತು ಎಂದು ಕೇಳಲು ಬಂದ ನೀವೇ ಇರಬೇಕು. ದಯವಿಟ್ಟು ಸ್ವಲ್ಪ ತಡೆಯಿರಿ. ಬಾಗಿಲು ತೆರೆದರೆ ಬಿಸಿಲು ಒಳಗೆ ಬಂದುಬಿಡುತ್ತದೆ.