ಬೆಕ್ಕಿನ ಏಳನೇ ಮನೆ

ವಿಡಿಯೊ ಆಟದ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಕಾಲದಿಂದಲೂ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಆಟದ ಪೆಟ್ಟಿಗೆಗಳೂ ಗುಜರಿ ಸೇರಿದ್ದವು. ಅಕ್ಕ ಮಾಡಿದ್ದ ‘ಏಳು ಮನೆ ಬೆಕ್ಕು’ ಎಂಬ ಆಟದ ಹಕ್ಕು ಮಾತ್ರ ಹಳೆಯ ಕರಾರಿನಂತೆ ಅವರ ಕೈಗೇ ವಾಪಸು ಬಂದಿತ್ತು. ಅದನ್ನು ಕೇಳಿಕೊಂಡು ಯಾರಾದರೂ ಮೂರು ಮಹಡಿ ಹತ್ತಿ ಬರುತ್ತಾರೆಂದು ಅವರು ಎಣಿಸಿರಲಿಲ್ಲ.

ಬಂದವಳು ಹಳೆಯ ಆಟಗಳನ್ನು ಮಾರುವ ಒಂದು ಚಿಕ್ಕ ಅಂಗಡಿಯವಳು. ಏದುಸಿರು ಬಿಡುತ್ತಲೇ ವಿಷಯಕ್ಕೆ ಬಂದಳು.

“ಕದ್ದು ಹಂಚೋರು ಬೇಕಾದಷ್ಟು ಜನ ಇದ್ದಾರೆ ಮೇಡಂ. ನಾವು ಕೇಳಿ, ಒಪ್ಪಿಗೆ ತಗೊಂಡು, ಆಮೇಲೆ ಮಾರೋರು. ಬಂದಿದ್ದರಲ್ಲಿ ನಿಮಗೂ ಪಾಲು.”

“ಆ ಪೆಟ್ಟಿಗೇನೇ ಇಲ್ಲ, ಆಟ ಓಡೋದಾದ್ರೂ ಎಲ್ಲಿ?” ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಗಂಡ ಕೇಳಿದರು. ಅವರು ಬಸ್ ಓಡಿಸಿ ನಿವೃತ್ತರಾದವರು. ಅಕ್ಕ ಸಿಟ್ಟು ಬಂದಾಗಲೂ ಮುದ್ದು ಬಂದಾಗಲೂ ಅವರನ್ನು ಡ್ರೈವರ್ ಸಾಹೇಬ್ರೇ ಎನ್ನುತ್ತಿದ್ದರು.

“ಎಮ್ಯುಲೇಟರ್ ಅಂತ ಒಂದು ಪ್ರೋಗ್ರಾಂ ಇದೆ ಸರ್. ಕಂಪ್ಯೂಟರಿನೊಳಗೆ ಕೂತ್ಕೊಂಡು ಹಳೇ ಪೆಟ್ಟಿಗೆ ಥರಾನೇ ನಟನೆ ಮಾಡುತ್ತೆ. ತಾನು ಬೇರೆ ಕಡೆ ಬಂದಿದೀನಿ ಅಂತ ಆಟಕ್ಕೆ ಗೊತ್ತೇ ಆಗಲ್ಲ.”

“ಓಹೋ. ಅತ್ತೆಮನೇನ ತವರುಮನೆ ಥರ ಸಿಂಗಾರ ಮಾಡಿ ಸೊಸೇನ ಯಾಮಾರಿಸೋದು.”

ಅಂಗಡಿಯವಳು ನಕ್ಕಳು. ಅಕ್ಕ ನಗಲಿಲ್ಲ. ಅವಳು ಮುಂದಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ತೆರೆದಿತ್ತು. ಅಕ್ಕ ಕನ್ನಡಕ ಏರಿಸಿ ನೋಡಿದರು.

“ಇದೇನಿದು, ‘ಹಿಂದಕ್ಕೆ ಹೋಗು’? ‘ನಿಧಾನ ಮಾಡು’?”

“ಸೋತ್ರೆ ಗುಂಡಿ ಒತ್ತಿ ಒಂದು ಕ್ಷಣ ಹಿಂದಕ್ಕೆ ಹೋಗಬಹುದು ಮೇಡಂ. ಆಟದ ಓಟ ತಗ್ಗಿಸಬಹುದು. ನಮ್ಮ ಎಲ್ಲಾ ಆಟದಲ್ಲೂ ಇರುತ್ತೆ.”

“ನನ್ನದರಲ್ಲಿ ಇರಕೂಡದು. ಅವೆರಡೂ ತೆಗೆದ್ರೆ ಒಪ್ಪಿಗೆ, ಇಲ್ಲಾಂದ್ರೆ ಇಲ್ಲ.”

ಅದಕ್ಕೆ ಕಾರಣವಿತ್ತು. ಬೆಕ್ಕು ಮರಿಯನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ ಎನ್ನುತ್ತಾರಲ್ಲ, ಆಟ ಕಟ್ಟಿದ್ದೇ ಆ ಮಾತಿನ ಮೇಲೆ. ತಾಯಿಬೆಕ್ಕನ್ನು ಗೋಡೆ, ಶೆಲ್ಫು, ಪಾತ್ರೆಗಳ ಮೇಲಿಂದ ಹಾರಿಸುತ್ತ ಏಳು ಮನೆ ದಾಟಿಸಬೇಕು. ಎಲ್ಲಿ ಕಾಲು ಜಾರಿದರೂ ಮೊದಲ ಮನೆಗೇ ವಾಪಸು. ಇದು ತೀರಾ ಕಷ್ಟ, ಮಕ್ಕಳು ಅಳುತ್ತಾರೆ, ಸಡಿಲ ಮಾಡಿ ಎಂದು ಕಂಪನಿಯ ಮೇಲಿನವರು ಆಗ ದುಂಬಾಲು ಬಿದ್ದಿದ್ದರು. ಹೆಂಗಸು ಮಾಡಿದ ಬೆಕ್ಕಿನಾಟ ಎಂದು ಮುಸಿಮುಸಿ ನಕ್ಕವರೂ ಅವರೇ. ಅಕ್ಕ ಜಗ್ಗಿರಲಿಲ್ಲ. ಆಮೇಲೆ ಅದೇ ಜನ ಐದನೇ ಮನೆ ದಾಟಲಾಗದೆ ತಲೆ ಕೆರೆದುಕೊಂಡದ್ದು ಅಕ್ಕನಿಗೆ ಇಂದಿಗೂ ಹಾಲು ಕುಡಿದಷ್ಟು ಸಂತೋಷ.

ಐದನೇ ಮನೆ ದಾಟದವರಲ್ಲಿ ಡ್ರೈವರ್ ಸಾಹೇಬರೂ ಒಬ್ಬರು. ಬಾಗಿಲ ಹಿಂದಿನ ಪೊರಕೆ ಬೆಕ್ಕಿನ ಮೇಲೆ ಬೀಳುತ್ತಿತ್ತು, ಪ್ರತಿ ಸಲವೂ. ದಾಟುವ ಬಗೆ ಹೇಳಿಕೊಡಲೇ ಎಂದರೆ ಒಪ್ಪುತ್ತಿರಲಿಲ್ಲ. “ಹೆಂಡತಿ ಮಾಡಿದ ಆಟ, ಹೆಂಡತಿ ಹೇಳಿಕೊಟ್ಟು ಗೆದ್ರೆ ಏನು ಬಂತು? ನಾನೇ ಹೋಗ್ತೀನಿ, ಇರು.” ಹೀಗೆ ಇರು ಇರು ಎನ್ನುತ್ತಲೇ ಪೆಟ್ಟಿಗೆ ಕೆಟ್ಟಿತು. ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಈಗ ಲೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಫಿ ಹಾಕುವಂತಿರಲಿಲ್ಲ.

ಅಂಗಡಿಯವಳು ವಾದಿಸಲಿಲ್ಲ. “ಗುಂಡಿ ಆಮೇಲೆ ತೆಗೆಸ್ತೀನಿ ಮೇಡಂ. ಮೊದಲು ಬಣ್ಣ, ಶಬ್ದ ಸರಿಯಾಗಿದೆಯಾ ನೋಡಿ. ಒಂದು ಪ್ರತಿ ಇಟ್ಟು ಹೋಗ್ತೀನಿ, ಮುಂದಿನ ವಾರ ಬರ್ತೀನಿ,” ಎಂದು ಮನೆಯ ಕಂಪ್ಯೂಟರಿಗೆ ಆಟ ಹಾಕಿಕೊಟ್ಟು, ಹಳೆಯದರಂತೆಯೇ ಗುಂಡಿಗಳಿದ್ದ, ಕೈಯಲ್ಲಿ ಹಿಡಿದು ಆಡುವ ಒಂದು ಹಿಡಿಯನ್ನೂ ಬಿಟ್ಟು ಹೋದಳು.

ಅಕ್ಕ ಬಣ್ಣ ನೋಡಿದರು, ಶಬ್ದ ಕೇಳಿದರು. ಬೆಕ್ಕಿನ ಬಾಲದ ತುದಿ ಇನ್ನಷ್ಟು ಕಪ್ಪಾಗಬೇಕು ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡರು.

ಎರಡು ದಿನ ಬಿಟ್ಟು ಮಧ್ಯಾಹ್ನ ಕಣ್ಣಿನ ಡಾಕ್ಟರ ಬಳಿಗೆ ಹೊರಟರು. ಡಾಕ್ಟರು ರಜೆಯಲ್ಲಿದ್ದರು. ಬಂದ ದಾರಿಗೆ ಸುಂಕವಿಲ್ಲ ಎಂದು ಗೊಣಗುತ್ತ ವಾಪಸು ಬಂದು ಬೀಗ ತೆಗೆದರೆ ಒಳಕೋಣೆಯಿಂದ ಪಟ್ ಎಂಬ ಸದ್ದು ಬಂತು. ಅದು ಐದನೇ ಮನೆಯ ಪೊರಕೆ. ಸದ್ದು ತಾವೇ ಮಾಡಿದ್ದು, ಗುರುತು ಸಿಗದಿರುತ್ತದೆಯೇ?

ಅಕ್ಕ ಚಪ್ಪಲಿ ಬಿಟ್ಟು ಬಾಗಿಲ ಬಳಿ ನಿಂತರು. ಗಂಡ ಬೆನ್ನು ಹಾಕಿ ಕೂತಿದ್ದರು. ತೊಡೆಯ ಮೇಲೆ ಟವಲು ಮಡಚಿ, ಅದರ ಮೇಲೆ ಹಿಡಿಯನ್ನು ಅಲುಗದಂತೆ ಇಟ್ಟುಕೊಂಡು, ಬೆರಳಿನ ಬದಲು ಬೆರಳ ಗೆಣ್ಣಿನಿಂದ ಗುಂಡಿ ಒತ್ತುತ್ತಿದ್ದರು. ಪೊರಕೆ ಬಿತ್ತು. ಅವರು ಇನ್ನೊಂದು ಗುಂಡಿ ಒತ್ತಿದರು. ಬಿದ್ದ ಪೊರಕೆ ಎದ್ದು ಗೋಡೆಗೆ ಒರಗಿತು, ಬೆಕ್ಕು ಮರಿಯ ಸಮೇತ ಹಿಂದುಹಿಂದಕ್ಕೆ ನಡೆಯಿತು.

“ಬಾ ತಾಯಿ. ಅವಸರ ಇಲ್ಲ, ಬಾ,” ಎಂದರು ಬೆಕ್ಕಿಗೆ.

ಅಕ್ಕನಿಗೆ ಮೊದಲು ಬಂದದ್ದು ಕೋಪವೇ. ಬೇಡವೆಂದದ್ದನ್ನೇ, ಅದೂ ತಾವು ಮನೆಯಲ್ಲಿಲ್ಲದಾಗ. ಆದರೆ ಕಾಲು ಮುಂದಕ್ಕೆ ಬರಲಿಲ್ಲ. ಪೊರಕೆ ಮತ್ತೆ ಬಿತ್ತು, ಮತ್ತೆ ಎದ್ದಿತು. ಅಷ್ಟು ಸಲ ಸೋತವರನ್ನು ಅಕ್ಕ ಆ ಕಂಪನಿಯಲ್ಲೂ ಕಂಡಿರಲಿಲ್ಲ. ಗಂಡನ ಬದಲು ಆ ಗುಂಡಿಯೇನೂ ಹಾರಿಕೊಡುತ್ತಿರಲಿಲ್ಲ. ಸೋಲೇನೂ ತಪ್ಪಿರಲಿಲ್ಲ, ಸೋತವರನ್ನು ಮೊದಲ ಮನೆಗೆ ಅಟ್ಟುವುದೊಂದು ತಪ್ಪಿತ್ತು, ಅಷ್ಟೇ.

ಕೊನೆಗೊಮ್ಮೆ ಪೊರಕೆ ಬೀಳುವ ಮೊದಲೇ ಬೆಕ್ಕು ಹೊಸ್ತಿಲು ದಾಟಿತು. ಅವರು ಟವಲಿನ ತುದಿಯಿಂದ ಕಣ್ಣೊರೆಸಿಕೊಂಡರು.

“ರೀ,” ಎಂದರು ಅಕ್ಕ.

ಅವರು ಬೆಚ್ಚಿ ತಿರುಗಿದರು. ಕಳ್ಳ ಸಿಕ್ಕಿಬಿದ್ದಂತಿತ್ತು ಮುಖ. “ಮೋಸ ಅಂತೀಯಾ?”

ಅಕ್ಕ ಇನ್ನೊಂದು ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. “ಮೊನ್ನೆ ಯಾಕೆ ಬಾಯಿ ಬಿಡಲಿಲ್ಲ ನೀವು? ಆ ಹುಡುಗಿ ಎದುರಿಗೆ ಹೇಳಬಹುದಿತ್ತಲ್ಲ, ನನಗೆ ಆ ಗುಂಡಿ ಬೇಕು ಅಂತ.”

“ನಿನ್ನ ಆಟ. ನಾನ್ಯಾಕೆ ಮೂಗು ತೂರಿಸಲಿ?” ಹಿಡಿಯನ್ನು ಟವಲಿನ ಮೇಲೆ ಸರಿಮಾಡಿಕೊಳ್ಳುತ್ತ ಹೇಳಿದರು: “ಏಳನೇ ಮನೇಲಿ ಏನಿದೆ ಅಂತ ನೋಡದೇ ಹೋಗಿಬಿಡ್ತೀನೇನೋ ಅಂತ ಅನ್ನಿಸ್ತಿತ್ತು ಕಣೇ.”

ಅಕ್ಕ ಎದ್ದು ಅರ್ಧ ಲೋಟ ಕಾಫಿ ತಂದಿಟ್ಟರು. “ಆಡಿ ಹಾಗಾದ್ರೆ. ಆರನೇ ಮನೇಲಿ ನಾಯಿ ಇದೆ, ನಾನೇನೂ ಹೇಳಿಕೊಡಲ್ಲ.”

“ಕೇಳಿದವರು ಯಾರು?”

ಆ ನಾಯಿಯನ್ನು ದಾಟುವಷ್ಟರಲ್ಲಿ ಕಾಫಿ ಆರಿ ಕೆನೆಗಟ್ಟಿತ್ತು. ಏಳನೇ ಮನೆಯಲ್ಲಿ ಹಾರುವುದಕ್ಕೆ ಏನೂ ಇರಲಿಲ್ಲ. ಒಂದೇ ಕೋಣೆ. ಕಿಟಕಿಗೆ ಒತ್ತಿಕೊಂಡಂತೆ ಸ್ಟವ್, ಮೊಳೆಯಲ್ಲಿ ಡ್ರೈವರನ ಡ್ಯೂಟಿ ಅಂಗಿ, ನೆಲದ ಮೇಲೆ ಮುಚ್ಚಿಟ್ಟ ಊಟದ ತಟ್ಟೆ. ಬೆಕ್ಕು ಮರಿಯನ್ನು ಅಂಗಿಯ ಕೆಳಗೆ ಇಳಿಸಿ ಸುರುಳಿ ಸುತ್ತಿ ಮಲಗಿತು. ಬಾಗಿಲು ತೆರೆದು ಒಬ್ಬ ಗಂಡಸು ಬಂದ. ಬೆಕ್ಕನ್ನು ಓಡಿಸಲಿಲ್ಲ. ತಟ್ಟೆಯ ಮುಂದೆ ಕೂತು ಮೊದಲ ತುತ್ತನ್ನು ಅದರ ಮುಂದಿಟ್ಟ.

ಡ್ರೈವರ್ ಸಾಹೇಬರು ಪರದೆಯ ಹತ್ತಿರಕ್ಕೆ ಬಾಗಿದರು. “ಇದು ನಮ್ಮ ಮೊದಲನೇ ಬಾಡಿಗೆ ಮನೆ.”

“ಬೆಕ್ಕನ್ನ ಆಚೆ ಹಾಕ್ತೀರೋ, ಮನೆ ಖಾಲಿ ಮಾಡ್ತೀರೋ ಅಂತ ಮನೆ ಓನರ್ ಕೇಳಿದ್ದ. ನೀವು ಮನೆ ಖಾಲಿ ಮಾಡಿದ್ರಿ. ಮರಿಗಳನ್ನ ಅಂಗಿ ಒಳಗೆ ಕಟ್ಕೊಂಡು ಬೀದಿಲಿ ನಡೆದ್ರಿ. ಆವತ್ತು ಅಂದ್ಕೊಂಡೆ, ಇವರ ಜೊತೆ ಎಷ್ಟು ಮನೆ ಬೇಕಾದ್ರೂ ಬದಲಾಯಿಸಬಹುದು ಅಂತ.”

“ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲೇ.”

“ನಾನೇ ಹೋಗ್ತೀನಿ ಅಂದಿದ್ರಲ್ಲ. ಕಾಯ್ತಾ ಇದ್ದೆ.”

ಅವರ ಕೈ ಹಿಡಿಯ ಮೇಲೆ ನಡುಗುತ್ತಲೇ ಇತ್ತು. ಅಕ್ಕ ತಮ್ಮ ಕೈಯನ್ನು ಅದರ ಮೇಲಿಟ್ಟರು. ನಡುಕ ನಿಲ್ಲಲಿಲ್ಲ, ಇಬ್ಬರ ಕೈಯೂ ಒಟ್ಟಿಗೆ ಅಲುಗಿತು.

ಮುಂದಿನ ವಾರ ಅಂಗಡಿಯವಳು ಬಂದಾಗ ಅಕ್ಕ ಎರಡೂ ಗುಂಡಿ ಇರಲಿ ಎಂದರು. ಅವನ್ನು ಪಟ್ಟಿಯ ತಳದಲ್ಲಿ ಬಚ್ಚಿಡದೆ ಮೊದಲ ಪರದೆಯಲ್ಲೇ ಇಡಬೇಕು. ‘ಹಿಂದಕ್ಕೆ ಹೋಗು’ ಎಂದಿದ್ದ ಕಡೆ ‘ಇನ್ನೊಂದ್ಸಲ’ ಎಂದು ಬರೆಯಬೇಕು. ಅಂಗಡಿಯವಳು ಕಾರಣ ಕೇಳಲಿಲ್ಲ. ಡ್ರೈವರ್ ಸಾಹೇಬರ ಟವಲು ಹಾಸಿದ ತೊಡೆ ಅವಳ ಕಣ್ಣಿಗೂ ಬಿದ್ದಿತ್ತು.

ಆಟ ಮಾರಾಟಕ್ಕೆ ಬಂದ ಮೇಲೆ ಆಡಿದವರು ಬರೆಯತೊಡಗಿದರು. ಅಕ್ಕ ಅದನ್ನು ದಿನಾ ಗಂಡನಿಗೆ ಓದಿ ಹೇಳುತ್ತಿದ್ದರು. ಒಬ್ಬನಂತೂ ಆರನೇ ಮನೆಯಲ್ಲಿ ಗುಂಡಿ ಒತ್ತಿ ಒತ್ತಿ ಸಾಕಾಯಿತು, ಈ ಬೆಕ್ಕು ಮಾಡಿದವರಿಗೆ ಕರುಣೆಯೇ ಇಲ್ಲವೇ ಎಂದು ಬರೆದಿದ್ದ.

“ಪಾಪ. ನಾಯಿ ವಿಷಯ ಹೇಳಿಬಿಡ್ಲಾ ಅವನಿಗೆ?” ಎಂದರು ಡ್ರೈವರ್ ಸಾಹೇಬರು.

“ಸುಮ್ನೆ ಕೂತ್ಕೊಳ್ಳಿ,” ಎಂದರು ಅಕ್ಕ. “ಅವನೂ ಹೋಗ್ತಾನೆ.”