ಅಂದಾಜು ಎಷ್ಟು, ರೇಣುಕಾ?

೧

ಇಂಟರ್‌ವ್ಯೂನಿಂದ ಶುರು ಮಾಡಲೋ, ಕೊಟ್ಟ ಮಾತಿನಿಂದಲೋ? ಮಾತು ಹಳೆಯದು, ಅದಕ್ಕೇ ಮೊದಲ ಮಣೆ. ಕಾನಹೊಸಹಳ್ಳಿಯ ಹೊರಗಿನ ಕುರಿರೊಪ್ಪದ ಬಾಗಿಲಲ್ಲಿ ಹತ್ತು ವರ್ಷದ ರೇಣುಕಾ ಬೆರಳು ಮಾಡಿ ಮರಿಗಳನ್ನು ಎಣಿಸಿದಳು: ಮೂವತ್ತೊಂದು. ಆ ವಾರ ರೋಗ ಬಂದು ಒಂಬತ್ತು ಉಳಿದವು. ಅಪ್ಪ ದೊಡ್ಡಬೀರಪ್ಪ ಬೈಯಲಿಲ್ಲ. ಆಣೆಗೆಂದು ಬೀರದೇವರ ಭಂಡಾರದ ಅರಿಶಿನ ಮುಟ್ಟಿಸಿ, "ಎಣಿಸಿದ್ರ ದೃಷ್ಟಿ ತಾಗತೈತಿ. ಜೀವ ಇರೋದನ್ನ ಎಣಿಸಬ್ಯಾಡವ್ವ, ಒಂದೊಂದರ ಮಾರಿ ನೋಡಿ ಗುರುತು ಹಿಡಿ," ಅಂದ.

"ಎಣಸಂಗಿಲ್ಲಪ್ಪ," ಅಂದಳು.

೨

ಈಗ ಅವಳಿಗೆ ಮೂವತ್ತಾರು. ಮಗಳು ಹುಟ್ಟಿದಾಗ ಬಿಟ್ಟ ಸಾಫ್ಟ್‌ವೇರ್ ಕೆಲಸ ಮತ್ತೆ ಬೇಕು, ಮನೆಯಿಂದಲೇ ಮಾಡುವಂಥದ್ದು. ಅದಕ್ಕೇ ಸಿಸ್ಟಂ ಡಿಸೈನ್ ಕಲಿಯುತ್ತಿದ್ದಾಳೆ. ಬಂದ ಕೆಲಸವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಒಂದೇ ಸಲಕ್ಕೆ ತಿಳಿಯಿತು: ರೊಪ್ಪದ ಬಾಗಿಲಲ್ಲಿ ನಿಂತು ಇವು ಈ ಕಡೆ, ಅವು ಆ ಕಡೆ ಎಂದು ಬಿಡುವ ಅಪ್ಪ. ಎಡವುವುದು ಇಂಟರ್‌ವ್ಯೂನ ಮೊದಲ ಪ್ರಶ್ನೆಗೇ. ನೀವು ಕಟ್ಟುವ ಆ್ಯಪನ್ನು ದಿನಕ್ಕೆ ಎಷ್ಟು ಜನ ಬಳಸುತ್ತಾರೆ?

"ಭಾಳ ಮಂದಿ ಬರ್ತಾರ್ರಿ."

"ಭಾಳ ಅಂದ್ರೆ? ಸಾವಿರವೋ, ಕೋಟಿಯೋ?"

"ಹೊಲ ತುಂಬ."

ಎರಡು ಕಂಪನಿಗಳು ಹೀಗೇ ಕೈಬಿಟ್ಟವು. (ನಗಬೇಡಿ. ನಾನು ನಗುತ್ತಲೇ ಈ ಭಾಗ ಬರೆದಿದ್ದೆ, ಆಮೇಲೆ ಹರಿದೆ. ಇದು ಎರಡನೆಯ ಪ್ರತಿ.)

೩, ಅಥವಾ ಸುಳ್ಳು ಕೊನೆ

ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು, "ಎಷ್ಟು ಮಂದಿ ಅಂತ ಹೇಳವ್ವ, ಅವರೇನು ಕುರಿ ಅಲ್ಲ," ಅನ್ನುತ್ತಾನೆ. ನಾನು ಬರೆದ ಈ ಕೊನೆ ಚೆನ್ನಾಗಿತ್ತು. ಓದಿ ಹೇಳಿದರೆ ರೇಣುಕಾ ಒಪ್ಪಲಿಲ್ಲ.

"ಅಪ್ಪ ಯುಗಾದಿ ಹಿಂದಿನ ದಿನ ಹೋಗ್ಯಾನ. ನಿಮಗ ಗೊತ್ತೈತಿ."

"ಕಥೆಯಲ್ಲಿ ಬದುಕಿಸಬಹುದಲ್ಲ."

"ಬ್ಯಾಡ್ರಿ. ಅಷ್ಟು ವರ್ಷ ಒಂದ ಮನ್ಯಾಗ ಇದ್ವಿ. ಈ ಮಾತು ಬಿಡಸ್ತೀ ಏನಪ್ಪ ಅಂತ ನಾನ ಕೇಳಲಿಲ್ಲ. ನಡುವ ನೀವ್ಯಾರು ಕೇಳಾಕ?"

ಆ ಕೊನೆ ಹೊಡೆದುಹಾಕಿದೆ.

೪

ಮೂರನೆಯ ಇಂಟರ್‌ವ್ಯೂ. ಪರದೆಯಲ್ಲಿ ಅರುಣಕುಮಾರ್ ಎನ್ನುವವರು. ಹಳ್ಳಿಗಳಿಗೆ ಆಂಬುಲೆನ್ಸ್ ಕರೆಸುವ ಆ್ಯಪ್ ಕಟ್ಟಬೇಕು.

"ದಿನಕ್ಕೆ ಎಷ್ಟು ಮಂದಿ ಕರೀತಾರೆ ಮೇಡಂ? ಅಂದಾಜು ಹೇಳಿ."

ಕರೆಯುವವರ ಸಾಲು ಅವಳ ಕಣ್ಣಿಗೆ ಕಟ್ಟಿತು. ಅದರಲ್ಲಿ ಒಂದು ಮುಖದ ಗುರುತು ಸಿಕ್ಕಿತು: ಯುಗಾದಿ ಹಿಂದಿನ ದಿನ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಂಬುಲೆನ್ಸ್‌ಗಾಗಿ ಫೋನ್ ಕಿವಿಗೊತ್ತಿ ಕೂತಿದ್ದ ತನ್ನದೇ ಮುಖ.

"ಮೇಡಂ, ಕೇಳಿಸ್ತಾ ಇದೆಯಾ?"

"ಕೇಳಾಕತ್ತೈತ್ರಿ." ಬೆರಳು ಮಡಚಿದಳು. "ನಲವತ್ತು ಸಾವಿರ." ಒಂದು ಉಸಿರು ಬಿಟ್ಟು, "ನಲವತ್ತು ಸಾವಿರದ ಒಂದು," ಅಂದಳು.

ಅರುಣಕುಮಾರ್ ಆ ಒಂದನ್ನು ಬಿಟ್ಟು ಬರೆದುಕೊಂಡರು.

ಕೆಲಸ ಸಿಕ್ಕಿತೇ? ಎರಡು ಕೊನೆ ಬರೆದಿಟ್ಟಿದ್ದೇನೆ, ಒಂದನ್ನೂ ಕೊಡುವುದಿಲ್ಲ. ಅವಳಿಗೇ ಇನ್ನೂ ಮೇಲ್ ಬಂದಿಲ್ಲ. ನನಗೆ ಗೊತ್ತಿರುವುದು ಇಷ್ಟು: ಅಪ್ಪನಿಗೆ ಕೊಟ್ಟ ಮಾತನ್ನು ಅವಳು ಮುರಿದಳು.