ಸಂತ ಫ್ಲೋರಿಯಾನನ ಹಿಂದಿನ ಕಿಂಡಿ

ಬಿತೊಮ್ ಊರಿನಲ್ಲಿ ವಲೆಂತಿ ಕುರ್ಜೆಯಾ ಮೂವತ್ತು ವರ್ಷದಿಂದ ಚಿಮಣಿ ಗುಡಿಸುತ್ತಿದ್ದ. ಕರಿ ಕೋಟು ತೊಟ್ಟು, ಹೆಗಲಿಗೆ ಬ್ರಷ್ಷಿನ ಹಗ್ಗ ಸುತ್ತಿಕೊಂಡು ಬೀದಿಗಿಳಿದನೆಂದರೆ ಎದುರಿಗೆ ಬಂದವರೆಲ್ಲ ಗಬಕ್ಕನೆ ತಮ್ಮ ಅಂಗಿಯ ಗುಂಡಿ ಹಿಡಿದುಕೊಳ್ಳುತ್ತಿದ್ದರು. ಚಿಮಣಿಯವನನ್ನು ಕಂಡಾಗ ಗುಂಡಿ ಹಿಡಿದರೆ ಅದೃಷ್ಟ ಖುಲಾಯಿಸುತ್ತದಂತೆ. ಬ್ಯಾಂಕಿನ ಮ್ಯಾನೇಜರೂ ಹಿಡಿಯುತ್ತಿದ್ದ, ಪೊಲೀಸಿನವನೂ ಹಿಡಿಯುತ್ತಿದ್ದ. ಇವನ ದರ್ಶನ ಎಲ್ಲರಿಗೂ ಬೇಕು, ಇವನ ಮಾತು ಮಾತ್ರ ಒಬ್ಬರಿಗೂ ಬೇಡ. "ಕಿಟಕಿ ಒಂಚೂರು ತೆಗೆದಿಡಿ" ಎಂದರೆ ಸಾಕು, ಟೀ ಕುಡೀತೀರಾ ಎಂದು ಮಾತು ತಿರುಗಿಸುತ್ತಿದ್ದರು.

ಅವತ್ತು ಜನವರಿಯ ಮಧ್ಯಾಹ್ನ. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಕ್ರಿಸ್‌ಮಸ್ ಮುಗಿದ ಮೇಲೆ ಪಾದ್ರಿಗಳು ಮನೆಮನೆಗೆ ಬಂದು ತೀರ್ಥ ಚಿಮುಕಿಸಿ ಹೋಗುವ ದಿನಗಳು. ಮೂರನೇ ಮಹಡಿಯ ಗೆನೊವೆಫಾ ಷಿಮ್ಚಾಕ್ ಮನೆಗೆ ನಾಲ್ಕು ಗಂಟೆಗೆ ಫಾದರ್ ಬರುವವರಿದ್ದರು. ವಲೆಂತಿ ಚಿಮಣಿಯ ವರ್ಷದ ತಪಾಸಣೆಗೆಂದು ಎರಡೂವರೆಗೇ ಬಂದು ವಕ್ಕರಿಸಿದ.

ಬಚ್ಚಲಿನ ಗೋಡೆಯಲ್ಲಿ, ನೀರನ್ನೂ ಮನೆಯನ್ನೂ ಬಿಸಿಮಾಡುವ ಗ್ಯಾಸ್ ಬಾಯ್ಲರ್ ಉರಿಯುತ್ತಿತ್ತು. ಅದರ ಕೊಳವೆ, ಒಂದು ಕಾಲದಲ್ಲಿ ಕಲ್ಲಿದ್ದಲ ಒಲೆಗೆಂದು ಕಟ್ಟಿದ್ದ ಹಳೇ ಚಿಮಣಿಯೊಳಕ್ಕೆ ಹೋಗಿತ್ತು. ವಲೆಂತಿ ಕಡ್ಡಿ ಗೀರಿ ಬಾಯ್ಲರಿನ ನೆತ್ತಿಯ ಹತ್ತಿರ ಹಿಡಿದ. ಜ್ವಾಲೆ ಚಿಮಣಿಯ ಕಡೆ ವಾಲಬೇಕಿತ್ತು, ಇವನ ಮೂಗಿನ ಕಡೆ ವಾಲಿತು. ಅಂದರೆ ಮೇಲೆ ಹೋಗಬೇಕಾದ ಹೊಗೆ ಮನೆಯೊಳಕ್ಕೇ ಮರಳುತ್ತಿದೆ. ಅದರಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವಿರುತ್ತದೆ.

"ಪಾನಿ ಗೆನೊವೆಫಾ, ಅಡುಗೆಮನೆ ಗೋಡೇಲಿ ಗಾಳಿ ಕಿಂಡಿ ಇತ್ತಲ್ಲ, ಎಲ್ಲಿ?" ಆ ಊರಲ್ಲಿ ಹೆಂಗಸರಿಗೆ ಪಾನಿ, ಗಂಡಸರಿಗೆ ಪಾನ್ ಎನ್ನುವುದು ಮರ್ಯಾದೆ.

"ಯಾವ ಕಿಂಡಿ?"

"ಆ ಸಂತರ ಬೆನ್ನಿನ ಹಿಂದೆ ಇರೋದು."

ಗೋಡೆಯ ಮೇಲೆ ಸಂತ ಫ್ಲೋರಿಯಾನನ ದೊಡ್ಡ ಚಿತ್ರಪಟ. ಉರಿಯುವ ಮನೆಯ ಮೇಲೆ ಬಕೆಟ್ಟಿನಿಂದ ನೀರು ಸುರಿಯುತ್ತಿದ್ದಾನೆ. ಬೆಂಕಿ ಆರಿಸುವವರನ್ನೂ ಚಿಮಣಿ ಗುಡಿಸುವವರನ್ನೂ ಕಾಯುವ ಸಂತ ಅವನೇ. ಪುಣ್ಯಾತ್ಮ ಇಲ್ಲಿ ಕಿಂಡಿಗೆ ಬೆನ್ನು ಕೊಟ್ಟು ನಿಂತಿದ್ದ, ಅಂಚಿಗೆಲ್ಲ ಗಾಳಿ ನುಸುಳದಂತೆ ಹತ್ತಿ ಬೇರೆ ತುರುಕಿತ್ತು.

"ಅದಾ? ಅದರಿಂದ ಕೆಳಗಿನ ಮನೆ ಕೋಸಿನ ವಾಸನೆ ಬರುತ್ತೆ ಕಣ್ರೀ" ಎಂದಳು ಗೆನೊವೆಫಾ. "ಫಾದರ್ ಬಂದು ಕೂತಾಗ ಆ ಕೂಬಿತ್ಸ್ಕಾ ಬೇಯಿಸಿದ ಕೋಸು ಮೂಸಬೇಕಾ? ನನ್ನ ಮರ್ಯಾದೆ ಏನಾಗ್ಬೇಕು?"

"ನಿಮ್ಮ ಅಳಿಯ ಹೊಸ ಪ್ಲಾಸ್ಟಿಕ್ ಕಿಟಕಿ ಹಾಕ್ಸಿಕೊಟ್ಟ, ಸೊಳ್ಳೇನೂ ನುಗ್ಗಲ್ಲ. ಕಿಂಡೀನೂ ಮುಚ್ಚಿದ್ರೆ ಗಾಳಿ ಎಲ್ಲಿಂದ ಬರ್ಬೇಕು? ಒಳಗೆ ಗಾಳಿ ಬಂದ್ರೆ ತಾನೆ ಚಿಮಣಿ ಹೊಗೇನ ಮೇಲಕ್ಕೆ ಎಳೆಯೋದು? ಬಾಟಲಿಗೆ ಬಾಯಿಟ್ಟು ಹೀರಿ ನೋಡಿ, ಎಷ್ಟು ಹೊತ್ತು ಹೀರ್ತೀರ?"

"ಬಾಟಲಿ ವಿಷಯ ನನ್ನ ಗಂಡನ್ನ ಕೇಳ್ಬೇಕಿತ್ತು. ದೇವರ ಪಾದ ಸೇರ್ಕೊಂಡ್ರು."

"ಊರಿನ ಕಚೇರಿಯವರು ಪುಕ್ಕಟೆ ವಿಷಗಾಳಿ ಅಲಾರಂ ಕೊಟ್ಟಿದ್ರಲ್ಲ?"

"ಸರಿಯಾಗಿ ಧಾರಾವಾಹಿ ಹೊತ್ತಿಗೇ ಕಿರುಚ್ತಿತ್ತು ಶನಿ. ಬ್ಯಾಟರಿ ಕಿತ್ತು ರಿಮೋಟಿಗೆ ಹಾಕ್ದೆ."

ವಲೆಂತಿ ಅವಳ ಮುಖವನ್ನು ದಿಟ್ಟಿಸಿದ. "ತಲೆನೋವು ಬರ್ತಿದೆಯಾ?"

"ಎಲ್ಲರಿಗೂ ಬರ್ತಿದೆ. ಹವೆ ಸರಿಯಿಲ್ಲ."

ನಿಯಮದ ಪ್ರಕಾರ ಅವನು ಆಗಲೇ ಗ್ಯಾಸಿನ ನಲ್ಲಿ ಮುಚ್ಚಿ, ತಂತಿ ಬಿಗಿದು ಸೀಲು ಹಾಕಬೇಕಿತ್ತು. ನಲ್ಲಿಯನ್ನೇನೋ ಮುಚ್ಚಿದ. ಜೇಬಿನಿಂದ ತಂತಿ ತೆಗೆದು, "ಮೊದ್ಲು ಆ ಚಿತ್ರ ಕೆಳಗಿಳಿಸಿ" ಎನ್ನುವಷ್ಟರಲ್ಲಿ ಗೆನೊವೆಫಾಳ ಕಣ್ಣಲ್ಲಿ ನೀರು. "ಫಾದರ್ ಮೊದ್ಲು ನೋಡೋದೇ ಆ ಗೋಡೇನ. ಅಲ್ಲಿ ಆ ಜಿಡ್ಡು ಹಿಡಿದ ತೂತು ತೋರಿಸ್ಲಾ? ವರ್ಷಕ್ಕೊಂದು ಸಲ ಬರ್ತಾರೆ ಪಾನ್ ವಲೆಂತಿ! ಅವ್ರು ಹೋಗ್ಲಿ, ಆಮೇಲೆ ಕಿತ್ತು ಒಲೆಗೆ ಹಾಕಿ ಬೇಕಾದ್ರೆ."

"ಆಯ್ತು, ಅವ್ರು ಹೋದ್ಮೇಲೆ ಬರ್ತೀನಿ" ಎಂದು ಅವನು ಸೀಲು ಹಾಕದೆಯೇ ತಂತಿಯನ್ನು ಜೇಬಿಗಿಳಿಸಿದ. "ಅಲ್ಲೀವರೆಗೂ ಬಾಯ್ಲರ್ ಮುಟ್ಟಬಾರ್ದು."

"ಸಂತರಾಣೆ ಮುಟ್ಟಲ್ಲ" ಎಂದು ಅವಳು ಗಸಗಸೆ ಕೇಕಿನ ಎರಡು ತುಂಡು ಕಾಗದದಲ್ಲಿ ಸುತ್ತಿ ಅವನ ಕೈಗಿತ್ತಳು. ಅವನು ತೆಗೆದುಕೊಂಡ. ಹೋದ ವರ್ಷವೂ ಅದೇ ಚಿತ್ರ ಅಲ್ಲೇ ಇತ್ತು, ಹಿಂದೆ ಏನಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತೂ ಕೇಕು ತಿಂದು, "ಗಾಳಿ ಸರಾಗ, ಚಿಮಣಿ ಸರಿಯಿದೆ" ಎಂಬ ಕಾಗದಕ್ಕೆ ಸಹಿ ಗೀಚಿ ಬಂದಿದ್ದ. ಮೂವತ್ತು ವರ್ಷ ಛಾವಣಿಯ ಅಂಚಿನಲ್ಲಿ ನಡೆದ ಗಂಡಸು ಒಬ್ಬ ಮುದುಕಿಯ ಕಣ್ಣೀರಿಗೆ ಹೆದರಿದ ಎಂದರೆ ಯಾರು ನಂಬುತ್ತಾರೆ?

ಉಳಿದ ಮನೆಗಳನ್ನೆಲ್ಲ ನೋಡಿ ಮುಗಿಸಿ ಎರಡನೇ ಮಹಡಿಯ ಕೂಬಿತ್ಸ್ಕಾ ಮನೆಗೆ ಬರುವಾಗ ನಾಲ್ಕೂಮುಕ್ಕಾಲು.

"ಫಾದರ್ ಹೊರಟ್ರಾ?"

"ಎಲ್ಲಿ ಹೊರಡ್ತಾರೆ? ಮುಕ್ಕಾಲು ಗಂಟೆಯಿಂದ ಮೇಲೇ ಇದಾರೆ. ಗಂಡನ ಫೋಟೋ ಆಲ್ಬಮ್ ತೋರಿಸ್ತಿರ್ತಾಳೆ, ಬಿಡ್ತಾಳಾ? ಚಳೀಲಿ ಆ ಫಾದರ್‌ಗೆ ಹೇಗೋ ಏನೋ" ಎಂದ ಕೂಬಿತ್ಸ್ಕಾ, ತನಗೇನೂ ಸಂಬಂಧವಿಲ್ಲವೆಂಬಂತೆ ಸೇರಿಸಿದಳು: "ಚಳಿ ಏನಿಲ್ಲ ಬಿಡಿ. ಬಾಯ್ಲರ್ ಹಚ್ಚಿದಾಳೆ, ಆಗಿಂದ ಬಿಸಿನೀರಿನ ಪೈಪು ಟಣಟಣ ಅಂತಿದೆ."

ವಲೆಂತಿ ಎರಡೆರಡು ಮೆಟ್ಟಿಲು ಹಾರಿ ಓಡಿದ.

ಬಾಗಿಲು ತೆಗೆದದ್ದೇ ಬಿಸಿಗಾಳಿ ಮುಖಕ್ಕೆ ರಾಚಿತು. ಬಾಯ್ಲರ್ ಧಗಧಗ ಉರಿಯುತ್ತಿತ್ತು. ಸಾಲದ್ದಕ್ಕೆ, ಕೋಸಿನ ವಾಸನೆ ಹೋಗಲೆಂದು ಒಲೆಯ ಮೇಲಿನ ಫ್ಯಾನನ್ನೂ ಹಾಕಿದ್ದಳು. ಅದು ಇದ್ದಬದ್ದ ಗಾಳಿಯನ್ನೆಲ್ಲ ಹೊರಗೆ ತಳ್ಳುತ್ತ, ಚಿಮಣಿಯಲ್ಲಿ ಹೋಗಬೇಕಾದ ವಿಷವನ್ನು ಮನೆಯೊಳಕ್ಕೆ ಎಳೆದುಕೊಳ್ಳುತ್ತಿತ್ತು. ಸೋಫಾದಲ್ಲಿ ಎಳೆ ಪ್ರಾಯದ ಫಾದರ್ ಕಯೆತಾನ್, ಮುಖ ಕೆಂಪಗೆ, ಪ್ರಾರ್ಥನೆಯ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

"ಎಂಥಾ ಭಕ್ತಿ ನೋಡಿ, ನಾಲ್ಕನೇ ಸಲ" ಎಂದು ಗೆನೊವೆಫಾ ಗೋಡೆ ಹಿಡಿದುಕೊಂಡು ಪಿಸುಗುಟ್ಟಿದಳು. "ಇಲ್ಲಾಂದ್ರೆ ಆ ಕೂಬಿತ್ಸ್ಕಾ ಏನಾದ್ರೂ ಕುಡಿಸಿ ಕಳಿಸಿದಾಳೆ."

ವಲೆಂತಿ ಉಸಿರು ಬಿಗಿಹಿಡಿದು ಫ್ಯಾನು ಆರಿಸಿದ, ನಲ್ಲಿ ತಿರುಗಿಸಿದ, ಕಿಟಕಿಗಳನ್ನು ಹಾರುಹೊಡೆದ. ಸಂತ ಫ್ಲೋರಿಯಾನನ್ನು ಬಕೆಟ್ಟಿನ ಸಮೇತ ಕಿತ್ತು ನೆಲಕ್ಕೆ ಎಸೆದ. ಗಾಜಿನ ಸದ್ದಿಗೆ ಎಚ್ಚೆತ್ತವರಂತೆ ಫಾದರ್ ಎದ್ದು ನಿಂತು "ಆಮೆನ್" ಎಂದರು. ಅಷ್ಟು ಹೇಳಿ ಹೂಕುಂಡಕ್ಕೆ ಬಗ್ಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದರು. ಇಬ್ಬರನ್ನೂ ಮೆಟ್ಟಿಲಿಗೆ ದರದರ ಎಳೆದು ಹಾಕಿ ವಲೆಂತಿ ಆಂಬ್ಯುಲೆನ್ಸಿಗೆ ಫೋನು ಮಾಡಿದ.

ಆರು ಗಂಟೆಗೆ ಆಸ್ಪತ್ರೆಯಲ್ಲಿ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ, ಮೂಗಿಗೆ ಆಮ್ಲಜನಕದ ಮುಖವಾಡ ಕಟ್ಟಿಸಿಕೊಂಡು ಮಲಗಿದ್ದರು. ಇನ್ನು ಕಾಲು ಗಂಟೆ ತಡವಾಗಿದ್ದರೆ ಇಬ್ಬರದೂ ಕಥೆ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿ ಹೋದರು. ವಲೆಂತಿ ಫಾದರ್ ಪಕ್ಕದಲ್ಲಿ ಕೂತ.

"ಫಾದರ್, ನನ್ನ ಪಾಪ ಹೇಳ್ಕೋಬೇಕು."

ಫಾದರ್ ಕಿವಿ ಮುಟ್ಟಿ ತೋರಿಸಿದರು. ಕಿವಿಯೇನೋ ಖಾಲಿ ಇತ್ತು.

"ಹೋದ ವರ್ಷಾನೂ ಆ ಚಿತ್ರ ಅಲ್ಲೇ ಇತ್ತು. ನೋಡೀನೂ ನೋಡ್ದೋರ ಹಾಗೆ ಸಹಿ ಹಾಕ್ದೆ. ಕೇಕಿನ ಆಸೆಗೆ."

"ಮೂರು ತುಂಡು ತಿಂದ್ರು ಫಾದರ್" ಎಂದು ಪಕ್ಕದ ಮುಖವಾಡದೊಳಗಿಂದ ಗೆನೊವೆಫಾ ಗೊಣಗಿದಳು.

"ಇವ್ರ ಮನೆ ಒಂದೇ ಅಲ್ಲ. ಟೈಲರ್ ದೊಬ್ರೊಗೊಸ್ತ್ ಮನೇಲಿ ಕಿಂಡಿ ಮೇಲೆ ಕ್ಯಾಲೆಂಡರ್. ಅವ್ರ ಮನೇಲಿ ಮೂರು ತಿಂಗಳ ಮಗು ಇದೆ. ಮೂಲೆ ಮನೆಯ ಮೇಷ್ಟ್ರು ದಿಂಬು ತುರುಕಿದಾರೆ. ಆಮೇಲೆ ಆ ಅಕ್ಕತಂಗಿಯರು..."

ಫಾದರ್ ಮುಖವಾಡ ಕಿತ್ತರು. "ಹೊರಗೆ ಎಷ್ಟ್ರೀ ಚಳಿ?"

"ಹದಿನಾಲ್ಕು ಡಿಗ್ರಿ ಕೆಳಗೆ."

"ಹಾಗಾದ್ರೆ ಅಲ್ಲೆಲ್ಲ ಈಗ ಬಾಯ್ಲರ್ ಉರೀತಿದೆ! ಇಲ್ಲಿ ಕೂತು ನನಗೇನ್ ಪುರಾಣ ಹೇಳ್ತಿದೀರ? ಏಳ್ರೀ!"

"ನನ್ನ ಪಾಪಕ್ಕೆ ಕ್ಷಮೆ, ಫಾದರ್..."

"ಏಳ್ರೀ ಅಂದ್ರೆ!"

ವಲೆಂತಿ ಓಡುತ್ತಲೇ ಟೈಲರನ ಮನೆಗೆ ಫೋನು ಮಾಡಿದ. ಬಹಳ ಹೊತ್ತು ಬಡಿದುಕೊಂಡ ಮೇಲೆ ಹೆಂಡತಿ ಎತ್ತಿದಳು, ಪಿಸುದನಿಯಲ್ಲಿ.

"ಮೆಲ್ಲಗೆ ಮಾತಾಡಿ ಪಾನ್ ವಲೆಂತಿ. ಮಧ್ಯಾಹ್ನದಿಂದ ಮಗು ಒಂದೇ ಸಮ ಮಲಗಿದೆ. ಇಷ್ಟು ಒಳ್ಳೇ ನಿದ್ದೆ ಹುಟ್ಟಿದಾಗಿಂದ ಮಾಡಿರ್ಲಿಲ್ಲ."

"ಎಬ್ಬಿಸಿ!" ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅರಚಿದ. "ಕಿಟಕಿ ತೆಗೀರಿ, ಮಗೂನ ಎಬ್ಬಿಸಿ! ಈಗ್ಲೇ!"

ಆ ಕಡೆ ಫೋನು ಬಿದ್ದ ಸದ್ದಾಯಿತು. ಏನೂ ಕೇಳಿಸಲಿಲ್ಲ. ಮತ್ತೂ ಏನೂ ಕೇಳಿಸಲಿಲ್ಲ. ವಲೆಂತಿಗೆ ತಾನು ಹಾಕಿದ ಸಹಿ, ಅದರ ಕೊನೆಯಲ್ಲಿ ಠೀವಿಯಿಂದ ಎಳೆದ ಬಾಲ, ಎಲ್ಲ ಕಣ್ಣ ಮುಂದೆ ಬಂತು. ಆಮೇಲೆ ಮಗು ಅಳುವುದು ಕೇಳಿಸಿತು. ಮೊದಲು ಕ್ಷೀಣವಾಗಿ, ಆಮೇಲೆ ರೊಚ್ಚಿಗೆದ್ದು, ಊರೆಲ್ಲ ಕೇಳುವ ಹಾಗೆ. ಅದರ ಮೇಲೆ ತಾಯಿಯ ಬೈಗುಳ, ಚಿಮಣಿಯವನ ಅಪ್ಪ ಅಮ್ಮ ಯಾರನ್ನೂ ಬಿಡದೆ. ವಲೆಂತಿ ಕಣ್ಣೊರೆಸಿಕೊಳ್ಳುತ್ತ ಅಷ್ಟನ್ನೂ ಕೇಳಿಸಿಕೊಂಡ. ಬೈಗುಳ ಮುಗಿದ ಮೇಲೆ, ಬಾಯ್ಲರ್ ಆರಿಸಿ ಎಂದು ಹೇಳಿ, ಮೇಷ್ಟ್ರ ಮನೆಯ ನಂಬರು ಒತ್ತಿದ.